ಗಲ್ಲಾದೊಳಗಿನ ಪ್ರೊಪೆಲ್ಲರ್

ಮೋಟರ್ ಕಟ್ಟುವ ಅಂಗಡಿಯಲ್ಲಿ ಹುಡುಗರಿಗೆ ಮೊದಲು ಕಲಿಸುವುದು ವೈಂಡಿಂಗ್ ಅಲ್ಲ. ತೋಟಕ್ಕೆ ಹೋದರೆ ಮೊದಲು ಫ್ಯೂಸ್ ಕ್ಯಾರಿಯರ್ ಕಿತ್ತು ಜೇಬಿಗೆ ಹಾಕಿಕೋ, ಆಮೇಲೆ ಸ್ಟಾರ್ಟರ್ ಬಾಗಿಲು ತೆಗಿ ಅಂತ ಹೇಳಿಕೊಡುತ್ತೇವೆ. ಬೋರ್ಡಿನ ಮೇಲೇ ಇಟ್ಟುಹೋದರೆ, ‘ಕರೆಂಟ್ ಬಂತು’ ಅಂತ ಯಾರೋ ಬಂದು ಸಿಕ್ಕಿಸಿಬಿಡುತ್ತಾರೆ. ತಿಪಟೂರಿನ ಸುತ್ತಮುತ್ತಲ ತೆಂಗಿನ ತೋಟಗಳಲ್ಲಿ ಪಂಪ್‌ಸೆಟ್ ಕೆಲಸ ಮಾಡಿಕೊಂಡು ಬಂದ ನನಗೆ ಇದು ಯೋಚಿಸದೆಯೇ ಬರುವ ಅಭ್ಯಾಸ. ಹಾಗಾಗಿ, ಎಂಜಿನಿಯರಿಂಗ್ ಓದುತ್ತಿರುವ ಅಕ್ಕನ ಮಗ ಯುಗಾದಿ ರಜೆಗೆ ಬಂದು ತಾನು ಕಟ್ಟುತ್ತಿದ್ದ, ರಿಮೋಟಿನಿಂದ ಹಾರಿಸುವ ಪುಟ್ಟ ವಿಮಾನವನ್ನು ನನ್ನ ಮೇಜಿನ ಮೇಲಿಟ್ಟಾಗ, ನನ್ನ ಕಣ್ಣು ಮೊದಲು ಹುಡುಕಿದ್ದು ಅದರ ಮೇನ್ ಸ್ವಿಚ್ಚನ್ನು.

ಇರಲಿಲ್ಲ. ಬ್ಯಾಟರಿಯ ಹಳದಿ ಎಕ್ಸ್‌ಟಿ60 ಕನೆಕ್ಟರನ್ನು ಸಿಕ್ಕಿಸಿದರೆ ಲೈನ್ ಬಂತು, ಕಿತ್ತರೆ ಹೋಯಿತು, ಅಷ್ಟೇ. ಕೆಲವು ಸ್ಪೀಡ್ ಕಂಟ್ರೋಲರುಗಳಿಗೆ ಒಂದು ಪುಟ್ಟ ಸ್ವಿಚ್ ಕೊಟ್ಟಿರುತ್ತಾರೆ. ಅದು ಕತ್ತರಿಸುವುದು ರಿಮೋಟಿನ ಸಿಗ್ನಲ್ ಹಿಡಿಯುವ ರಿಸೀವರಿಗೆ ಹೋಗುವ 5 ವೋಲ್ಟನ್ನು ಮಾತ್ರ. ಮೋಟರಿಗೆ ಹೋಗುವ ದಾರಿಯಲ್ಲಿ ಬ್ಯಾಟರಿ ಹಾಗೇ ಕೂತಿರುತ್ತದೆ.

ಸನ್‌ಪ್ಯಾಕ್ ಶೀಟಿನ ವಿಮಾನ ಅದು, ಫ್ಲೆಕ್ಸ್ ಅಂಗಡಿಯವರು ಬೋರ್ಡ್ ಮಾಡುವ ಅದೇ ಶೀಟು. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಕೊಂಡ 2212 ಮೋಟರ್, 1000 ಕೆವಿ, ಅಂದರೆ ಖಾಲಿ ಓಡುವಾಗ ಒಂದು ವೋಲ್ಟಿಗೆ ನಿಮಿಷಕ್ಕೆ ಸುಮಾರು 1000 ಸುತ್ತು. 30 ಆಂಪಿಯರ್‌ನ ಇಎಸ್‌ಸಿ, ಅಂದರೆ ಮೋಟರಿನ ಸ್ಪೀಡ್ ಕಂಟ್ರೋಲರ್. ಮೂರು ಸೆಲ್ಲಿನ 2200 ಎಂಎಎಚ್ ಲಿಪೊ ಬ್ಯಾಟರಿ. ಹತ್ತು ಇಂಚಿನ ಪ್ರೊಪೆಲ್ಲರ್ ಆಗಲೇ ಮೂತಿಗೆ ಬಿಗಿದು ಬಂದಿತ್ತು.

‘ಮಾವ, ಇಎಸ್‌ಸಿ ವೈರು ಬೆಸುಗೆ ಹಾಕಿಕೊಡು ಸಾಕು, ಸಾಯಂಕಾಲಕ್ಕೆ ಹಾರಿಸಬಹುದು’ ಅಂದ.

ನಾನು ಸ್ಪ್ಯಾನರ್ ತೆಗೆದುಕೊಂಡು ಪ್ರೊಪೆಲ್ಲರ್ ಬಿಚ್ಚಿ, ಗಲ್ಲಾಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದೆ. ಈ ಯಂತ್ರಕ್ಕೆ ಅದೇ ಫ್ಯೂಸ್ ಕ್ಯಾರಿಯರ್. ಅವನ ಮುಖ ಸಪ್ಪಗಾಯಿತು. ಒಂದು ಲೆಕ್ಕ ಮಾಡಿ ತೋರಿಸಿದೆ: ಹತ್ತು ಇಂಚಿನ ಪ್ರೊಪೆಲ್ಲರ್ ನಿಮಿಷಕ್ಕೆ 8000 ಸುತ್ತು ತಿರುಗಿದರೆ ಅದರ ತುದಿ ಓಡುವುದು ಗಂಟೆಗೆ ಸುಮಾರು 380 ಕಿಲೋಮೀಟರ್ ವೇಗದಲ್ಲಿ. ಪ್ಲಾಸ್ಟಿಕ್ಕೇ ಇರಲಿ, ಆ ವೇಗದಲ್ಲಿ ಬೆರಳಿನ ಮೂಳೆ ಅದಕ್ಕೆ ಲೆಕ್ಕಕ್ಕಿಲ್ಲ. ಆಮೇಲೆ ಅವನು ಕೀಲಿ ಕೇಳಲಿಲ್ಲ.

ಇಎಸ್‌ಸಿಯನ್ನು ಕೈಗೆ ತೆಗೆದುಕೊಂಡಾಗ ನನಗೆ ಬಹಳ ಖುಷಿಯಾಯಿತು, ಅದನ್ನು ಹೇಳಲೇಬೇಕು. ಬೆಂಕಿಪೊಟ್ಟಣಕ್ಕಿಂತ ತುಸು ಉದ್ದದ ವಸ್ತು. ಒಂದು ಕಡೆ ಕೆಂಪು, ಕಪ್ಪು ಎರಡು ವೈರು, ಇನ್ನೊಂದು ಕಡೆ ಮೂರು. ಈಗ ನಮ್ಮ ಕಡೆ ಹಾಕಿಸುತ್ತಿರುವ ಸೋಲಾರ್ ಪಂಪುಗಳ ಕಂಟ್ರೋಲರ್ ಮಾಡುವುದೂ ಇದೇ ಕೆಲಸ: ಪ್ಯಾನೆಲ್ಲಿನ ಡಿಸಿಯನ್ನು ಕತ್ತರಿಸಿ ಕತ್ತರಿಸಿ ಮೂರು ಫೇಸ್ ಮಾಡಿ ಮೋಟರಿಗೆ ಕೊಡುವುದು. ಇಲ್ಲಿ ಮಾಸ್ಫೆಟ್ ಅನ್ನುವ ಪುಟ್ಟ ಎಲೆಕ್ಟ್ರಾನಿಕ್ ಸ್ವಿಚ್ಚುಗಳು ಅದನ್ನು ಮಾಡುತ್ತವೆ. ಮೋಟರಿನ ಹೊರಗಿನ ಬಟ್ಟಲಲ್ಲಿ 14 ಅಯಸ್ಕಾಂತ, ಒಳಗೆ ತಿರುಗದೆ ನಿಂತ ಸ್ಟೇಟರಿನಲ್ಲಿ 12 ಹಲ್ಲು. ಅಯಸ್ಕಾಂತ ಏಳು ಜೋಡಿ, ಅಂದರೆ ಒಂದು ಸುತ್ತಿಗೆ ಏಳು ಸಲ ಕರೆಂಟ್ ತನ್ನ ಪೂರ್ತಿ ಆವರ್ತ ಮುಗಿಸಬೇಕು. 8000 ಸುತ್ತಿನಲ್ಲಿ ಅದು ಸೆಕೆಂಡಿಗೆ 930 ದಾಟುತ್ತದೆ. ನಮ್ಮ ಬೆಸ್ಕಾಂ ಲೈನಿನದು 50. ಬಟ್ಟಲು ಈಗ ಎಲ್ಲಿದೆ ಅಂತ ತಿಳಿಸುವ ಸೆನ್ಸರ್ ಬೇರೆ ಇಲ್ಲ. ಮೂರು ವೈರಿನಲ್ಲಿ ಎರಡಕ್ಕೆ ಕರೆಂಟ್ ಹೋಗುವಾಗ ಖಾಲಿ ಬಿಟ್ಟ ಮೂರನೆಯದರಲ್ಲಿ ಅಯಸ್ಕಾಂತ ಹುಟ್ಟಿಸುವ ವೋಲ್ಟೇಜನ್ನು ನೋಡಿಯೇ ಇಎಸ್‌ಸಿ ಮುಂದಿನ ಹೆಜ್ಜೆ ಇಡುತ್ತದೆ. ಜೀವಮಾನವಿಡೀ ಕಾಯಿಲ್ ಸುತ್ತಿದವನಿಗೆ ಇದಕ್ಕಿಂತ ಸೊಗಸಾದ ಬುದ್ಧಿ ಕಾಣುವುದು ಕಷ್ಟ.

ಬ್ಯಾಟರಿ ಹೊಟ್ಟೆಯ ಮಧ್ಯದಲ್ಲಿರಬೇಕು, ಇಲ್ಲದಿದ್ದರೆ ತೂಕ ಸಮ ಆಗುವುದಿಲ್ಲ. ಇಎಸ್‌ಸಿಯನ್ನು ಮೂತಿಯ ಹತ್ತಿರ ಇಟ್ಟರೆ ಬ್ಯಾಟರಿಯ ವೈರು ಎಟಕುತ್ತಿರಲಿಲ್ಲ. ಕೆಂಪು, ಕಪ್ಪು ವೈರನ್ನು ಉದ್ದ ಮಾಡೋಣ ಅಂದ. ಬೇಡ ಅಂದೆ. ಬ್ಯಾಟರಿ ಕಡೆಯ ವೈರು ಉದ್ದವಾದಷ್ಟೂ ಅದರ ಇಂಡಕ್ಟೆನ್ಸ್, ಅಂದರೆ ಕರೆಂಟಿನ ಏರಿಳಿತವನ್ನು ತಡೆಯುವ ಗುಣ, ಹೆಚ್ಚುತ್ತದೆ. ಕರೆಂಟನ್ನು ಸೆಕೆಂಡಿಗೆ ಸಾವಿರಾರು ಸಲ ಕತ್ತರಿಸುವಾಗ ಆ ವೈರು ಪ್ರತಿ ಸಲವೂ ವೋಲ್ಟೇಜನ್ನು ಮೇಲಕ್ಕೆ ಚಿಮ್ಮಿಸುತ್ತದೆ, ಅದನ್ನು ನುಂಗಬೇಕಾದದ್ದು ಇಎಸ್‌ಸಿಯ ಬಾಯಲ್ಲಿರುವ ಕೆಪಾಸಿಟರ್. ಅದು ಬಿಸಿಯಾಗಿ ಉಬ್ಬಿದರೆ ಹಿಂದೆಯೇ ಮಾಸ್ಫೆಟ್ ಹೋಗುತ್ತದೆ. ಉದ್ದ ಮಾಡಲೇಬೇಕಾದರೆ ಮೋಟರ್ ಕಡೆಯ ಮೂರು ವೈರನ್ನು ಮಾಡಬೇಕು. ಇಎಸ್‌ಸಿಯನ್ನು ಹಿಂದಕ್ಕೆ ತಂದು ಹಾಗೆಯೇ ಮಾಡಿದೆವು.

ಬೆಸುಗೆಗೆ 60 ವಾಟಿನ ಐರನ್ ಹಿಡಿದೆ. ಬುಲೆಟ್ ಕನೆಕ್ಟರಿನ ಬಟ್ಟಲಿಗೆ ಮೊದಲು ಲೆಡ್ ತುಂಬಿ, ಅದು ಕರಗಿ ಪಾದರಸದ ಹಾಗೆ ಹೊಳೆಯುವಾಗ ತವರ ಬಳಿದ ವೈರನ್ನು ಅದ್ದಿ, ಕೈ ಅಲ್ಲಾಡಿಸದೆ ಹಿಡಿಯಬೇಕು. ಹೊಳಪು ಮಂಕಾಗಿ ಪುಡಿಪುಡಿ ಕಂಡರೆ ಅದು ಹಸಿ ಬೆಸುಗೆ, ಬಿಚ್ಚಿ ಮತ್ತೆ ಹಾಕಬೇಕು. ಗಾಳಿಯಲ್ಲಿ ಒಂದು ಫೇಸ್ ಬಿಟ್ಟುಕೊಂಡರೆ ಮೋಟರ್ ನಡುಗಿ ನಿಲ್ಲುತ್ತದೆ. ಹೀಗೆ ಮೂರರಲ್ಲಿ ಒಂದು ಫೇಸ್ ಹೋಗಿ, ಅಂದರೆ ಸಿಂಗಲ್ ಫೇಸಿಂಗ್ ಆಗಿ ಸುಟ್ಟುಬಂದ ಮೋಟರುಗಳೇ ನನ್ನ ಅಂಗಡಿಯ ಅರ್ಧ ಕೆಲಸ.

ಸ್ಲೀವ್ ಹಾಕಿ ಬಿಸಿ ಮಾಡಿದ ಮೇಲೆ ಇಎಸ್‌ಸಿಯನ್ನು ವೆಲ್ಕ್ರೋದಿಂದ ಕೂರಿಸಿ, ಮೂತಿಯಲ್ಲಿ ಗಾಳಿ ಬರಲು ಒಂದು ಕಿಂಡಿ, ಬಾಲದ ಕಡೆ ಹೋಗಲು ಅದಕ್ಕಿಂತ ದೊಡ್ಡದೊಂದು ಕಿಂಡಿ ಕೊಯ್ದೆವು. ಬರುವ ದಾರಿಗಿಂತ ಹೋಗುವ ದಾರಿ ದೊಡ್ಡದಿರದಿದ್ದರೆ ಗಾಳಿ ಒಳಗೇ ನಿಲ್ಲುತ್ತದೆ.

ಮೊದಲ ಸಲ ಬ್ಯಾಟರಿ ಸಿಕ್ಕಿಸುವ ಮುಂಚೆ ಮಲ್ಟಿಮೀಟರಿನಲ್ಲಿ ಪ್ಲಸ್ ಮೈನಸ್ ನೋಡಿದೆವು. ಉಲ್ಟಾ ಕೊಟ್ಟರೆ ಇಎಸ್‌ಸಿಗೆ ಎರಡನೆಯ ಅವಕಾಶ ಇಲ್ಲ. ರಿಮೋಟ್ ಆನ್, ವೇಗ ಏರಿಸಿ ಇಳಿಸುವ ಥ್ರಾಟಲ್ ಕಡ್ಡಿ ಪೂರ್ತಿ ಮೇಲೆ, ಆಮೇಲೆ ಬ್ಯಾಟರಿ. ಸಿಕ್ಕಿಸುವಾಗ ಚಟ್ಟೆಂದು ಕಿಡಿ ಹಾರಿತು; ಕೆಪಾಸಿಟರ್ ಒಮ್ಮೆಗೇ ತುಂಬಿಕೊಳ್ಳುವ ಕಿಡಿ ಅದು, ಹೆದರಬೇಕಿಲ್ಲ. ಎರಡು ಸಲ ಬೀಪ್ ಅಂದ ತಕ್ಷಣ ಕಡ್ಡಿ ಪೂರ್ತಿ ಕೆಳಗೆ. ಮೂರು ಸೆಲ್ಲಿಗೆ ಮೂರು ಬೀಪ್, ಕೊನೆಗೊಂದು ಉದ್ದ ಬೀಪ್. ರಿಮೋಟಿನ ಕೆಳತುದಿ, ಮೇಲ್ತುದಿ ಯಾವುದು ಅಂತ ಇಎಸ್‌ಸಿ ಕಲಿತುಕೊಂಡಿತು.

ಬಟ್ಟಲಿಗೆ ಬಿಳಿ ಟೇಪಿನ ಚೂರು ಅಂಟಿಸಿದ್ದೆ. ಕಡ್ಡಿಯನ್ನು ಒಂದು ಕೂದಲೆಳೆ ಮೇಲೆ ತಂದಾಗ ಟೇಪು ಉಲ್ಟಾ ದಿಕ್ಕಿಗೆ ತಿರುಗಿತು. ಜೊತೆಗೆ ಬಂದಿದ್ದ ಅವನ ಗೆಳೆಯ, ‘ಅಂಕಲ್, ಬ್ಯಾಟರಿ ವೈರ್ ತಿರುಗಿಸಿದ್ರೆ ಆಗಲ್ವಾ?’ ಅಂತ ಕೇಳಿದ. ಆಟದ ಸಾಮಾನಿನ ಮೋಟರಿಗೆ ಅದು ಸರಿ. ಇದಕ್ಕೆ ಮಾತ್ರ ಖಂಡಿತ ಅಲ್ಲ. ಬ್ಯಾಟರಿ ಕಿತ್ತು, ಮೂರರಲ್ಲಿ ಯಾವುದಾದರೂ ಎರಡು ವೈರನ್ನು ಅದಲು ಬದಲು ಮಾಡು ಅಂದೆ. ನೀರು ಮೇಲೆ ಬರದಿದ್ದರೆ ಫೇಸ್ ಬದಲಾಯಿಸಬೇಕು ಅನ್ನುವುದು ಇಲ್ಲಿನ ಪ್ರತಿ ತೋಟದವನಿಗೂ ಗೊತ್ತು.

ಎಲ್ಲ ಸರಿಯಾಯಿತು ಅಂತ ಹುಡುಗರಿಬ್ಬರೂ ಎದ್ದರು. ‘ಇರ್ರೋ, ಈಗ ರಿಮೋಟ್ ಆಫ್ ಮಾಡು’ ಅಂದೆ. ಮೋಟರ್ ಅರ್ಧ ವೇಗದಲ್ಲಿ ತಿರುಗುತ್ತಿತ್ತು. ಅವನು ರಿಮೋಟಿನ ಸ್ವಿಚ್ ಆರಿಸಿದ. ದೀಪ ಹೋಯಿತು, ಪರದೆ ಕಪ್ಪಾಯಿತು. ಮೋಟರ್ ನಿಲ್ಲಲಿಲ್ಲ. ಬಿಳಿ ಟೇಪು ಒಂದು ಮಸುಕು ಬಳೆಯಾಗಿ ಹಾಗೇ ಗುಂಯ್ಗುಡುತ್ತಿತ್ತು. ಮೇಜಿನ ಮೇಲೆ ಯಾರ ಕೈಯಲ್ಲೂ ಇಲ್ಲದ ಒಂದು ವಿಮಾನ, ಯಾರ ಮಾತನ್ನೂ ಕೇಳದೆ ಓಡುತ್ತಿತ್ತು. ಸಿಗ್ನಲ್ ತಪ್ಪಿದರೆ ಕೊನೆಯ ಅಪ್ಪಣೆಯನ್ನೇ ಹಿಡಿದುಕೊಂಡಿರುವಂತೆ ಆ ರಿಸೀವರ್ ಸೆಟ್ ಆಗಿತ್ತು. ಪ್ರೊಪೆಲ್ಲರ್ ಇದ್ದಿದ್ದರೆ ಅದು ಮೇಜಿನಿಂದ ಜಿಗಿದು ನಮ್ಮ ಮೂವರಲ್ಲಿ ಒಬ್ಬರ ಹೊಟ್ಟೆಗೆ ಬರುತ್ತಿತ್ತು. ಗೆಳೆಯ ಒಂದು ಹೆಜ್ಜೆ ಹಿಂದೆ ಸರಿದದ್ದನ್ನು ನೋಡಿದೆ. ನಾನು ಹಿಂದಿನಿಂದ ಕೈ ಹಾಕಿ ಬ್ಯಾಟರಿ ಕಿತ್ತೆ.

ಫೇಲ್‌ಸೇಫ್ ಸೆಟ್ ಮಾಡಲು ಐದು ನಿಮಿಷವೂ ಬೇಕಾಗಲಿಲ್ಲ: ಸಿಗ್ನಲ್ ಹೋದರೆ ಥ್ರಾಟಲ್ ಸೊನ್ನೆ. ಮತ್ತೆ ಅರ್ಧ ವೇಗಕ್ಕೆ ತಂದು ರಿಮೋಟ್ ಆರಿಸಿದಾಗ ಮೋಟರ್ ಕ್ಷಣದಲ್ಲಿ ನಿಂತಿತು. ರಿಮೋಟಿನ ಒಂದು ಸ್ವಿಚ್ಚಿಗೆ ಥ್ರಾಟಲ್ ಕಟ್ ಕೊಟ್ಟೆವು. ಅದನ್ನು ಹಾಕಿದ್ದಾಗ ತೋಳು ತಾಗಿ ಕಡ್ಡಿ ಮೇಲೆ ಹೋದರೂ ಏನೂ ಆಗುವುದಿಲ್ಲ. ಈ ಪರೀಕ್ಷೆ ಮಾಡದೆ ಯಾರೂ ಹಾರಿಸಬಾರದು. ಹೊಸ ವಿಮಾನಕ್ಕೆ ಮಾತ್ರ ಅಲ್ಲ, ರಿಸೀವರ್ ಬದಲಾಯಿಸಿದಾಗಲೆಲ್ಲ ಮಾಡಬೇಕು.

ಲೋ ವೋಲ್ಟೇಜ್ ಕಟ್‌ಆಫನ್ನೂ ನೋಡಿಕೊಂಡೆವು. ಲಿಪೊ ಸೆಲ್ ತುಂಬಿದಾಗ 4.2 ವೋಲ್ಟ್, 3ಕ್ಕಿಂತ ಕೆಳಗೆ ಎಳೆದರೆ ಕೆಡುತ್ತದೆ, ಉಬ್ಬುತ್ತದೆ. ಬ್ಯಾಟರಿ ಇಳಿದಾಗ ಮೋಟರಿನ ಶಕ್ತಿಯನ್ನು ಮೆಲ್ಲಗೆ ತಗ್ಗಿಸುವ ಕ್ರಮವನ್ನೇ ಆರಿಸಿದೆವು. ಆಗ ರೆಕ್ಕೆ, ಬಾಲದ ಪಟ್ಟಿಗಳನ್ನು ಆಡಿಸುವ ಪುಟ್ಟ ಮೋಟರುಗಳಿಗೆ, ಅಂದರೆ ಸರ್ವೋಗಳಿಗೆ ಕರೆಂಟ್ ಉಳಿದಿರುತ್ತದೆ, ತೇಲಿಸಿಕೊಂಡು ಇಳಿಸಬಹುದು. ಡ್ರೋನಿಗೆಂದು ಮಾರುವ ಕೆಲವು ಇಎಸ್‌ಸಿಗಳಲ್ಲಿ ಈ ಕಟ್‌ಆಫ್ ಇರುವುದೇ ಇಲ್ಲ, ಕೊಳ್ಳುವಾಗ ಕೇಳಬೇಕು. ಅದನ್ನೇ ನಂಬಿ ಕೂರುವುದು ಬೇಡ ಅಂತ ರಿಮೋಟಿನಲ್ಲಿ ಆರು ನಿಮಿಷದ ಟೈಮರನ್ನೂ ಇಟ್ಟೆವು.

ಗಲ್ಲಾದ ಬೀಗ ತೆಗೆದದ್ದು ಮರುದಿನ ಬೆಳಗಿನ ಜಾವ. ಊರಾಚೆಯ ಕೆರೆ ಅಂಗಳ ಒಣಗಿ ಬಿರುಕು ಬಿಟ್ಟಿತ್ತು. ಆ ಜಾಗ ಡ್ರೋನ್ ಹಾರಿಸುವವರಿಗಾಗಿ ಸರ್ಕಾರ ಮಾಡಿದ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ಹಸಿರು ವಲಯದಲ್ಲಿದೆ, 400 ಅಡಿ ದಾಟಬಾರದು ಅಂತ ಅವನು ಮೊದಲೇ ನೋಡಿಕೊಂಡಿದ್ದ. ಏರಿಯ ಕೆಳಗಿನ ತೆಂಗಿನ ಬುಡಕ್ಕೆ ವಿಮಾನದ ಬಾಲ ಕಟ್ಟಿ, ಪ್ರೊಪೆಲ್ಲರ್ ಹಾಕಿ, ಡಿಸಿ ಅಳೆಯುವ ಕ್ಲಾಂಪ್ ಮೀಟರನ್ನು ಕೆಂಪು ವೈರಿಗೆ ಕಚ್ಚಿಸಿ, ನಾವೆಲ್ಲ ಹಿಂದೆ ನಿಂತೆವು. ಮುಂದೆಯೂ ಬೇಡ, ಪ್ರೊಪೆಲ್ಲರ್ ತಿರುಗುವ ಸಾಲಿನಲ್ಲಿ ಪಕ್ಕಕ್ಕೂ ಬೇಡ. ಮುರಿದ ಚೂರು ಹಾರುವುದೇ ಆ ಸಾಲಿನಲ್ಲಿ. ಪೂರ್ತಿ ಥ್ರಾಟಲಿಗೆ 16 ಆಂಪಿಯರ್ ಒಳಗೇ ಇತ್ತು. 30ರ ಇಎಸ್‌ಸಿಗೆ ಇದು ನೆಮ್ಮದಿಯ ಲೆಕ್ಕ. ಇದನ್ನೇ ಹನ್ನೊಂದು, ಹನ್ನೆರಡು ಇಂಚಿಗೆ ಬದಲಾಯಿಸಿದರೆ ಆಂಪಿಯರ್ ಸರಸರ ಏರುತ್ತದೆ, ಮತ್ತೆ ಅಳೆಯಲೇಬೇಕು.

ಗೆಳೆಯ ವಿಮಾನದ ಹೊಟ್ಟೆಯನ್ನು ರೆಕ್ಕೆಯ ಹಿಂದೆ ಹಿಡಿದು, ತಲೆಯ ಮೇಲೆತ್ತಿದ ಮೇಲೆ ಅಳಿಯ ಥ್ರಾಟಲ್ ಕಟ್ ತೆಗೆದ. ಗಾಳಿಗೆ ಎದುರಾಗಿ ಬಿಟ್ಟಾಗ ಒಂದು ಮಾರು ಇಳಿದು, ಹಿಡಿದುಕೊಂಡು ಏರಿತು. ಜಾಲಿ ಗಿಡಗಳ ಮೇಲೆ, ಬೆಳಗಿನ ಬಿಸಿಲಿಗೆ ಬಿಳಿ ಶೀಟು ಹೊಳೆಯುತ್ತ ದೊಡ್ಡ ಸುತ್ತು ಹಾಕಿತು. ನನಗೆ ಆ ಸದ್ದೇ ಸಾಕಾಗಿತ್ತು: ಎಲ್ಲೂ ತೊದಲದ, ಒಂದೇ ಎಳೆಯ ಸದ್ದು. ಮೂರು ಫೇಸೂ ಸಮನಾಗಿ ಎಳೆಯುತ್ತಿದ್ದರೆ ಮಾತ್ರ ಹಾಗೆ ಕೇಳುತ್ತದೆ.

ಟೈಮರ್ ಕೂಗಿದ ಮೇಲೆ ಇಳಿಸಿದ. ಕೊನೆಯಲ್ಲಿ ಮೂತಿ ಒಣ ಹುಲ್ಲಿಗೆ ಕುತ್ತಿತು. ಅಷ್ಟರಲ್ಲಿ ಅವನ ಎಡಗೈ ಥ್ರಾಟಲನ್ನು ಸೊನ್ನೆಗೆ ತಂದಾಗಿತ್ತು. ಜಾಮ್ ಆದ ಪಂಪಿಗೆ ಲೈನ್ ಕೊಟ್ಟರೆ ಓವರ್‌ಲೋಡ್ ರಿಲೇ ಬೀಳಿಸುತ್ತದೆ; ಇಎಸ್‌ಸಿಯಲ್ಲಿ ಅಂಥ ರಕ್ಷಣೆ ಇದ್ದರೂ ಅದರ ಮೇಲೆ ಭಾರ ಹಾಕಬಾರದು, ಸಿಕ್ಕಿಕೊಂಡ ಪ್ರೊಪೆಲ್ಲರಿಗೆ ಥ್ರಾಟಲ್ ಕೊಟ್ಟರೆ ಕೆಲವೇ ಸೆಕೆಂಡಿನಲ್ಲಿ ಹೊಗೆ ಬರುತ್ತದೆ. ಥ್ರಾಟಲ್ ಕಟ್ ಹಾಕಿ ಹತ್ತಿರ ಹೋಗಿ ಮೊದಲು ಬ್ಯಾಟರಿ ಕಿತ್ತ, ಆಮೇಲೆ ರಿಮೋಟ್ ಆರಿಸಿದ. ಇಎಸ್‌ಸಿ ಮುಟ್ಟಿ ನೋಡಿದೆ: ಬೆಚ್ಚಗಿತ್ತು, ಬೆರಳು ಇಟ್ಟುಕೊಂಡಿರಬಹುದಾದಷ್ಟು. ಸೆಲ್ಲುಗಳು ಮೂರೂ 3.7ರ ಮೇಲೇ ಇದ್ದವು.

‘ಮಾವ, ಮುಂದಿನದಕ್ಕೆ ನಾಲ್ಕು ಸೆಲ್ ಹಾಕ್ತೀನಿ’ ಅಂದ. ಈ ಇಎಸ್‌ಸಿಯೊಳಗೆ ರಿಸೀವರಿಗೂ ಸರ್ವೋಗಳಿಗೂ 5 ವೋಲ್ಟ್ ಕೊಡುವ ಬಿಇಸಿ ಲೀನಿಯರ್ ಜಾತಿಯದು, 5 ವೋಲ್ಟಿಗಿಂತ ಹೆಚ್ಚಿನದನ್ನೆಲ್ಲ ಬಿಸಿ ಮಾಡಿಯೇ ಕಳೆಯುತ್ತದೆ. ತುಂಬಿದ ಮೂರು ಸೆಲ್ಲಿನಲ್ಲಿ ಒಂದು ಆಂಪಿಯರಿಗೆ 7.6 ವಾಟ್, ನಾಲ್ಕರಲ್ಲಿ 11.8. ನಾಲ್ಕು ಸರ್ವೋ ಒಟ್ಟಿಗೆ ಎಳೆದಾಗ ಅದು ಕೈಕೊಟ್ಟರೆ ಮೋಟರ್ ಅಷ್ಟೇ ಅಲ್ಲ, ಬಾಲವೂ ಸತ್ತುಹೋಗುತ್ತದೆ. ಬೇರೆ ಸ್ವಿಚಿಂಗ್ ಬಿಇಸಿ ತರಿಸು, ಇಎಸ್‌ಸಿಯಿಂದ ರಿಸೀವರಿಗೆ ಹೋಗುವ ಮೂರು ಎಳೆ ವೈರಿನಲ್ಲಿ ನಡುವಿನ ಕೆಂಪನ್ನು ಪ್ಲಗ್ಗಿನಿಂದ ಬಿಡಿಸಿ ಟೇಪ್ ಸುತ್ತು ಅಂದೆ. ಪ್ರೊಪೆಲ್ಲರ್ ಬಿಚ್ಚುತ್ತಲೇ ಹೂಂ ಅಂದ.