ಸ್ಟ್ಯಾಟಿಕ್ ಅನ್ನೋ ಒಂದು ಪದ ಬಿಟ್ಟಿದ್ದಕ್ಕೆ

ಜಾವಾ ಕಲಿಯೋವಾಗ ಇನ್ನರ್ ಕ್ಲಾಸ್ ಅಂದ್ರೆ ಕ್ಲಾಸ್ ಒಳಗೆ ಇನ್ನೊಂದು ಕ್ಲಾಸ್, ಅಷ್ಟೇ ಅಂದ್ಕೊಂಡಿದ್ದೆ. ಹೊರಗಿನ ಪ್ರೈವೇಟ್ ಫೀಲ್ಡ್ ಎಲ್ಲಾ ನೇರವಾಗಿ ಸಿಗುತ್ತೆ, ಇನ್ನೇನ್ ಬೇಕು. ಆಮೇಲೊಂದಿನ ನನ್ನ ಪ್ರೋಗ್ರಾಂ ಗಂಟೆಗಟ್ಟಲೆ ಓಡಿ ಔಟ್ ಆಫ್ ಮೆಮರಿ ಅಂತ ಮಕಾಡೆ ಮಲಗ್ತು.

ಆಗಿದ್ದಿಷ್ಟು. ಒಂದು ಪಾರ್ಸರ್ ಕ್ಲಾಸ್ (ಫೈಲ್ ಓದಿ ಬೇಕಾದ್ದನ್ನ ಬಿಡಿಸಿ ತೆಗೆಯೋದು), ಓದಿದ ಫೈಲ್ ಪೂರ್ತಿ ಅದರ ಬಫರಲ್ಲಿ ಇರ್ತಿತ್ತು, ಅದರೊಳಗೆ ರೆಕಾರ್ಡ್ ಅಂತ ಪುಟ್ಟ ಕ್ಲಾಸು, ಎರಡೇ ಫೀಲ್ಡು. ಪ್ರತಿ ಫೈಲಿಂದ ನಾಲ್ಕೈದು ರೆಕಾರ್ಡ್ ತೆಗೆದು ಮ್ಯಾಪಲ್ಲಿಟ್ಕೊಂಡು ಪಾರ್ಸರನ್ನ ಬಿಟ್ಟುಬಿಡ್ತಿದ್ದೆ, ಅಂದ್ರೆ ಬಿಟ್ಟಿದೀನಿ ಅಂದ್ಕೊಂಡಿದ್ದೆ. ಹೀಪ್ ಡಂಪ್, ಅಂದ್ರೆ ಮೆಮರಿಯಲ್ಲಿ ಏನೇನಿದೆ ಅನ್ನೋದರ ನಕಲು, ತೆಗೆದು ನೋಡಿದ್ರೆ ಒಂದೊಂದು ರೆಕಾರ್ಡಲ್ಲೂ ನಾನು ಬರೀದೇ ಇರೋ ಮೂರನೇ ಫೀಲ್ಡು, ಹೆಸರು ದಿಸ್$0. ಅದು ಪಾರ್ಸರನ್ನ ಹಿಡ್ಕೊಂಡಿದೆ, ಪಾರ್ಸರು ಬಫರನ್ನ ಹಿಡ್ಕೊಂಡಿದೆ. ಯಾರೂ ಹಿಡ್ಕೊಳ್ದೇ ಇರೋದನ್ನ ಮಾತ್ರ ಮೆಮರಿಯಿಂದ ಗುಡಿಸಿ ಹಾಕೋ ಗಾರ್ಬೇಜ್ ಕಲೆಕ್ಟರ್ ಪಾಪ ಏನ್ ಮಾಡುತ್ತೆ.

ಇದು ಬಗ್ ಅಲ್ಲ ಕಣ್ರೀ, ಇನ್ನರ್ ಕ್ಲಾಸ್ ನಡೆಯೋದೇ ಹಂಗೆ. 1997ರಲ್ಲಿ ಜೆಡಿಕೆ (ಜಾವಾ ಡೆವಲಪ್‌ಮೆಂಟ್ ಕಿಟ್) 1.1 ಜೊತೆ ಬಂದಾಗಿಂದ ಕಂಪೈಲರು ಇದನ್ನ ಬೇರೆ ಕ್ಲಾಸ್ ಫೈಲ್ ಮಾಡಿ (ಫೈಲ್ ಹೆಸರಿನ ಮಧ್ಯ ಡಾಲರ್ ಚಿಹ್ನೆ ನೋಡಿರ್ತೀರಲ್ಲ, ಅದೇ) ಹೊರಗಿನ ಆಬ್ಜೆಕ್ಟನ್ನ ಕನ್‌ಸ್ಟ್ರಕ್ಟರಿಗೆ ಸದ್ದಿಲ್ದೆ ದಾಟಿಸುತ್ತೆ, ಅದೇ ದಿಸ್$0 ಆಗಿ ಕೂರುತ್ತೆ. ಕ್ಲಾಸ್ ಮುಂದೆ ಸ್ಟ್ಯಾಟಿಕ್ ಅಂತ ಹಾಕಿದ್ರೆ ಆ ಕೊಂಡಿ ಇರಲ್ಲ. ಹಾಕಿದೆ, ಒಂದೇ ಒಂದು ಕಡೆ ಎರರ್ ಬಂತು, ಟೂಸ್ಟ್ರಿಂಗ್ ಮೆಥಡಲ್ಲಿ ಪಾರ್ಸರಿನ ಫೈಲ್ ಹೆಸರು ಬಳಸಿದ್ದೆ. ಆ ಒಂದು ಸ್ಟ್ರಿಂಗಿಗೋಸ್ಕರ ಇಡೀ ಬಫರ್ ಹೊತ್ಕೊಂಡು ಓಡಾಡ್ತಿತ್ತು! ಹೆಸರನ್ನ ರೆಕಾರ್ಡಿಗೇ ಕೊಟ್ಟೆ, ಸರಿಹೋಯ್ತು. ಜೆಡಿಕೆ 18ರಿಂದ ಕಂಪೈಲರು ಬಳಸದೇ ಇರೋ ದಿಸ್$0ನ ಸಾಮಾನ್ಯವಾಗಿ ತಾನೇ ಕಿತ್ತಾಕುತ್ತೆ, ಆದ್ರೆ ನನ್ನ ಥರ ಒಂದು ಕಡೆ ಮುಟ್ಟಿದ್ರೂ ಅದು ಉಳ್ಕೊಳುತ್ತೆ.

ಹಂಗಂತ ಇನ್ನರ್ ಕ್ಲಾಸೇ ಬೇಡ ಅಂತಲ್ಲ. ಜಾವಾದ್ದೇ ಅರೇಲಿಸ್ಟ್ ಕೋಡ್ ತೆಗೆದು ನೋಡಿ, ಅದರ ಇಟರೇಟರ್ (ಲಿಸ್ಟಲ್ಲಿರೋದನ್ನ ಒಂದೊಂದಾಗಿ ಕೊಡೋದು) ಇನ್ನರ್ ಕ್ಲಾಸು, ಯಾಕಂದ್ರೆ ಲಿಸ್ಟ್ ಇಲ್ದೆ ಇಟರೇಟರಿಗೆ ಅರ್ಥನೇ ಇಲ್ಲ, ಲಿಸ್ಟ್ ಮಧ್ಯದಲ್ಲಿ ಬದಲಾಯ್ತಾ ಅಂತ ಹೊರಗಿನ ಮಾಡ್‌ಕೌಂಟ್ ಅನ್ನೋ ಬದಲಾವಣೆ ಲೆಕ್ಕ ನೋಡ್ತಾನೇ ಇರಬೇಕು. ಅದೇ ಲಿಂಕ್ಡ್‌ಲಿಸ್ಟಿನ ನೋಡ್ ಸ್ಟ್ಯಾಟಿಕ್, ಅದಕ್ಕೆ ಹಿಂದೆ ಮುಂದೆ ಯಾರಿದಾರೆ ಅಂತ ಗೊತ್ತಿದ್ರೆ ಸಾಕು.

ಕೋಟ್ಲಿನ್ ಅನ್ನೋ ಇನ್ನೊಂದು ಭಾಷೆಯವರು ಇದನ್ನ ಸರಿಯಾಗಿ ತಿರುಗಿಸಿದಾರೆ ಅನ್ಸುತ್ತೆ, ಅಲ್ಲಿ ಒಳಗಿನ ಕ್ಲಾಸಿಗೆ ಕೊಂಡಿ ಬೇಕು ಅಂದ್ರೆ ಇನ್ನರ್ ಅಂತ ನಾವೇ ಬಾಯ್ಬಿಟ್ಟು ಕೇಳ್ಬೇಕು. ಜಾವಾದಲ್ಲಿ ಸುಮ್ನಿದ್ರೇನೇ ಬಂದು ಅಂಟ್ಕೊಳುತ್ತೆ.