ಕಲಬುರಗಿಗೆ ಓದಲು ಬರುವ ಮೊದಲು

ಎಂಎ ಓದಲು ಕಲಬುರಗಿಗೆ ಹೋಗುತ್ತೇನೆ ಅಂದಾಗ ಉಪ್ಪ (ಅಪ್ಪ) ಹೇಳಿದ್ದು, "ಒಳ್ಳೆಯದೇ ಆಯ್ತು, ಅಲ್ಲಿ ನಮ್ಮವರು ಜಾಸ್ತಿ." ಬಂದೇನವಾಜ್ ದರ್ಗಾ ಇರುವ ಊರು, ಹೆದರುವುದೇನಿದೆ ಅನ್ನುವುದು ಅವರ ಲೆಕ್ಕ. ನಮ್ಮದು ಬಂಟ್ವಾಳ ತಾಲೂಕಿನ ಬ್ಯಾರಿ ಮನೆ, ಅಂದರೆ ಬ್ಯಾರಿ ಮಾತಾಡುವ ಕರಾವಳಿ ಮುಸ್ಲಿಮರು. ಈಗ ಊರಿನ ಹುಡುಗಿಯರೂ ನನಗೆ ಫೋನ್ ಮಾಡಿ, ಅಲ್ಲಿ ನಮ್ಮವರು ಜಾಸ್ತಿ ಇದ್ದಾರಾ ಅಂತಲೇ ಕೇಳುತ್ತಾರೆ. ಆ ಒಂದು ಪ್ರಶ್ನೆ ಸಾಲದು.

ನಾನು ಮೊದಲು ವಿಚಾರಿಸಿದ್ದು ಬಟ್ಟೆಯ ವಿಷಯ. 2022ರ ಫೆಬ್ರವರಿಯಲ್ಲಿ ಸಮವಸ್ತ್ರದ ಸರ್ಕಾರಿ ಆದೇಶ ಬಂದಾಗ ನಾನು ಪಿಯುಸಿಯಲ್ಲಿದ್ದೆ. ಪರೀಕ್ಷೆ ಹತ್ತಿರ ಇರುವಾಗ ಸ್ಕಾರ್ಫ್ ಕಾರಣಕ್ಕೆ ಕ್ಲಾಸಿನ ಹೊರಗೆ ನಿಲ್ಲುವ ಸಂಕಟ ನನಗೆ ಗೊತ್ತು. ಅದಕ್ಕೇ ಕಲಬುರಗಿ ಹತ್ತಿರದ ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಒಬ್ಬರು ಸೀನಿಯರ್‌ಗೆ ಫೋನ್ ಮಾಡಿದೆ. ಸ್ಕಾರ್ಫ್ ಹಾಕಿಕೊಂಡು ಕ್ಲಾಸಲ್ಲಿ, ಪರೀಕ್ಷೆಯಲ್ಲಿ ಕೂರಬಹುದಾ ಅಂತ ನೇರವಾಗಿ ಕೇಳಿದೆ. ತಾವೂ ಹಾಗೇ ಕೂರುತ್ತೇವೆ ಅಂದರು.

ಸೀಟಿನ ಲೆಕ್ಕವೂ ಬೇರೆ. ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371ಜೆ ವಿಧಿ ಬಂದ ಮೇಲೆ ಈ ಭಾಗದ ರಾಜ್ಯ ವಿಶ್ವವಿದ್ಯಾಲಯ, ಸರ್ಕಾರಿ ಕಾಲೇಜುಗಳಲ್ಲಿ ಶೇ 70 ಸೀಟು ಇಲ್ಲಿಯವರಿಗೆ. ಅದು ನ್ಯಾಯವೇ. ಎಷ್ಟೋ ಕಾಲ ಅವಕಾಶ ಸಿಗದೆ ಹಿಂದುಳಿದ ಪ್ರದೇಶ ಇದು. ನಾನು ಸಿಯುಇಟಿ ಪ್ರವೇಶ ಪರೀಕ್ಷೆ ಬರೆದು ಕೇಂದ್ರೀಯ ವಿಶ್ವವಿದ್ಯಾಲಯದ ದಾರಿ ಹಿಡಿದೆ.

ಆದರೆ ಹೆಚ್ಚು ಕಷ್ಟವಾಗಿದ್ದು ರೂಮು ಹುಡುಕುವಾಗ. ಒಂದು ಕಡೆ ಹೆಸರು ಕೇಳಿದ ಮೇಲೆ "ಖಾಲಿ ಇಲ್ರಿ" ಅಂದರು. ಗೇಟಿನ ಮೇಲೆ ಬಾಡಿಗೆಯ ಬೋರ್ಡು ಇನ್ನೂ ನೇತಾಡುತ್ತಿತ್ತು. ಇನ್ನೊಂದು ಕಡೆ ಮುಸ್ಲಿಮರದೇ ಮನೆ. ಮನೆಯ ಖಾಲಾ (ಚಿಕ್ಕಮ್ಮ ಅನ್ನುವ ಹಾಗೆ) ದಖನಿಯಲ್ಲಿ, ಅಂದರೆ ಈ ಕಡೆಯ ಉರ್ದುವಿನಲ್ಲಿ ಮಾತು ಶುರು ಮಾಡಿದರು. ನನಗೆ ಬರುವುದು ಬ್ಯಾರಿ, ತುಳು, ಕನ್ನಡ. "ಉರ್ದು ಬರಲ್ಲಾ? ಮುಸಲ್ಮಾನರೇ ಹೌದಲ್ಲೋ?" ಅಂತ ಕೇಳಿಬಿಟ್ಟರು. ಎರಡೂ ನೋವಾಯಿತು. ನಿಜ ಹೇಳಬೇಕೆಂದರೆ ಎರಡನೆಯದು ಜಾಸ್ತಿ, ಯಾಕೆಂದರೆ ಅಲ್ಲಿ ನಾನು ನಿಶ್ಚಿಂತೆಯಿಂದ ಹೋಗಿದ್ದೆ.

ರೂಮು ಕೊಟ್ಟಿದ್ದು ಮಾತ್ರ ಆ ಖಾಲಾನೇ. ಸುನ್ನಿಗಳಲ್ಲೇ ಆಚರಣೆಯ ಬೇರೆ ಬೇರೆ ಪಂಥಗಳಿವೆ: ನಾವು ಶಾಫಿಗಳು, ಇಲ್ಲಿ ಹೆಚ್ಚಿನವರು ಹನಫಿಗಳು. ಹನಫಿಗಳ ಅಸರ್, ಅಂದರೆ ಸಂಜೆಗೆ ಮುಂಚಿನ ನಮಾಜಿನ ಹೊತ್ತು ನಮ್ಮದಕ್ಕಿಂತ ತಡ. ನೆರಳು ವಸ್ತುವಿನಷ್ಟೇ ಉದ್ದವಾದಾಗ ನಮ್ಮಲ್ಲಿ ಹೊತ್ತಾಗುತ್ತದೆ, ಅವರಲ್ಲಿ ಎರಡು ಪಟ್ಟಾಗಬೇಕು. ಬಾಂಗ್ ಆಗುವ ಮೊದಲೇ ನಾನು ನಮಾಜಿಗೆ ನಿಂತದ್ದು ನೋಡಿ ಖಾಲಾ ಗಾಬರಿಯಾದರು. ಕೂತು ವಿವರಿಸಿದೆ. ಈಗ ರಜೆಯ ದಿನ ಅವರೇ ಕೂಗುತ್ತಾರೆ: "ಬೇಟಿ, ನಿನ್ನ ಟೈಮ್ ಆತು ನೋಡು."

ಬರುವವರು ಸುಮ್ನೆ ಪ್ರಾಸ್ಪೆಕ್ಟಸ್ ನಂಬಿಕೊಂಡು ಕೂರಬೇಡಿ. ಅಲ್ಲಿ ಈಗ ಓದುತ್ತಿರುವ ಒಬ್ಬ ಹುಡುಗಿಯ ಹತ್ತಿರ ಮಾತಾಡಿ. ರಂಜಾನ್‌ನಲ್ಲಿ ನಸುಕಿಗೆ ಮೆಸ್ ತೆರೆಯುತ್ತಾ? ಕಲಬುರಗಿಯಿಂದ ಕ್ಯಾಂಪಸ್‌ಗೆ ಕೊನೆಯ ಬಸ್ಸು ಎಷ್ಟೊತ್ತಿಗೆ? ಸ್ಕಾಲರ್‌ಶಿಪ್ ಕಾಗದ ಯಾರು ನೋಡುತ್ತಾರೆ? ಕುಚ್ಚಲಕ್ಕಿ ಮರೆತುಬಿಡಿ, ಜೋಳದ ರೊಟ್ಟಿ, ಪುಂಡಿಪಲ್ಯ ಬೇಗ ಒಗ್ಗುತ್ತದೆ. ಸಾಧ್ಯವಾದರೆ ಉಮ್ಮನನ್ನೂ ಕರೆದುಕೊಂಡು ಮೇ ತಿಂಗಳಲ್ಲೇ ಒಮ್ಮೆ ಬಂದು ನೋಡಿ. ಬಿಸಿಲು 40 ಡಿಗ್ರಿ ದಾಟಿರುತ್ತದೆ. ಕರಾವಳಿಯ ಬೆವರಿನ ಸೆಕೆಯಲ್ಲ ಅದು, ಒಣ ಬಿಸಿಲು. ಅದನ್ನೂ ನೋಡಿಯೇ ತೀರ್ಮಾನ ಮಾಡಿ.