ಫೋನ್ ನಂದು, ಹೆಸರು ಅವನದ್ದು

ಚಿಕ್ಕಮ್ಮ ಈ ವಾರ ಊರಿನ ದೇವಸ್ಥಾನಕ್ಕೆ ಆನ್‌ಲೈನಲ್ಲಿ ಕುಂಕುಮಾರ್ಚನೆ ಬುಕ್ ಮಾಡಿದರು. ದುಡ್ಡು ಹೋಯಿತು, ರಸೀದಿಯೂ ಬಂತು. ಸೇವೆ ಮಾಡಿಸುವವರ ಹೆಸರಿನ ಜಾಗದಲ್ಲಿ ಮಗನ ಹೆಸರು! ವಿಳಾಸ ಪುಣೆಯ ಅಪಾರ್ಟ್‌ಮೆಂಟಿನದು.

"ದೇವರಿಗೆ ಗೊತ್ತಾಗುತ್ತೆ ಬಿಡಿ ಚಿಕ್ಕಮ್ಮ" ಅಂದೆ.

"ದೇವರಿಗೆ ಗೊತ್ತಾಗುತ್ತೆ ಕಣೆ. ಆದ್ರೆ ಫೋನ್ ನಂದು, ಹೆಸರು ಅವನದ್ದು. ಇದ್ಯಾವ ನ್ಯಾಯ?"

ಅವರು ನಗುತ್ತಲೇ ಹೇಳಿದ್ದು. ನನಗೆ ಮಾತ್ರ ಆ ಮಾತು ತಲೆಯಿಂದ ಹೋಗುತ್ತಿಲ್ಲ.

ಆಗಿದ್ದೇನು ಅಂತ ಊಹಿಸೋದು ಕಷ್ಟವಲ್ಲ. ಮಗ ಹೊಸ ಫೋನ್ ತಗೊಂಡ, ಹಳೆಯದು ಅಮ್ಮನಿಗೆ ಬಂತು. ಸಿಮ್ ಬದಲಾಯಿಸಿ, ವಾಟ್ಸಾಪ್ ಹಾಕಿಕೊಟ್ಟು ಹೋಗಿದ್ದಾನೆ. ಅವನ ಗೂಗಲ್ ಅಕೌಂಟ್ ಹಾಗೇ ಉಳಿದಿದೆ, ಫಾರ್ಮಲ್ಲಿ ಅವನ ಹೆಸರೇ ತಾನಾಗಿ ಬಂದು ಕೂತಿದೆ. ಒಳ್ಳೆಯ ಹುಡುಗ, ಆದರೆ ಯಾವ ಕೆಲಸವನ್ನೂ ಮುಕ್ಕಾಲಿಗಿಂತ ಜಾಸ್ತಿ ಮಾಡಿದವನಲ್ಲ.

ಚಿಕ್ಕಮ್ಮ ಮೊದಲು ಬೀದಿ ಕೊನೆಯ ಮೊಬೈಲ್ ಅಂಗಡಿಗೆ ಹೋಗಿದ್ದರಂತೆ. ಅಲ್ಲಿಯ ಹುಡುಗ ನೋಡದೆಯೇ "ರೀಸೆಟ್ ಹೊಡೆದುಬಿಡೋಣ ಆಂಟಿ" ಅಂದನಂತೆ. ಎಲ್ಲ ರೋಗಕ್ಕೂ ಇವರದ್ದು ಇದೊಂದೇ ಮದ್ದು. ಮೊಮ್ಮಗಳ ಫೋಟೋ ಎಲ್ಲ ಅದರಲ್ಲೇ ಇದೆ, ಬ್ಯಾಕಪ್ ಇದೆಯಾ ಅಂತ ಒಂದು ಮಾತು ಕೇಳಬಾರದಾ?

ನಾನು ಕೂತು ನೋಡಿದೆ. ತಾನಾಗಿ ತುಂಬಿಕೊಳ್ಳುವ ಈ ಆಟೋಫಿಲ್ಲಿನ ತೊಂದರೆಯೇ ಇದು: ನೆನಪು ಒಂದೇ ಕಡೆ ಇರಲ್ಲ. 2017ರಲ್ಲಿ ಆಂಡ್ರಾಯ್ಡ್ 8 ಬಂದಾಗಿನಿಂದ ಫೋನಿಗೇ ಒಂದು ಆಟೋಫಿಲ್ ಸೇವೆ ಇದೆ. ಅದನ್ನು ಸೆಟ್ಟಿಂಗ್ಸಲ್ಲಿ ನಾವೇ ಆರಿಸಬಹುದು. ಇಲ್ಲಿ ಗೂಗಲ್‌ನದು ಇತ್ತು, ಒಳಗೆ ಮಗನ ಅಕೌಂಟು. ಕ್ರೋಮ್‌ನಲ್ಲಿ ವಿಳಾಸಗಳ ಪಟ್ಟಿ ಬೇರೆ. ಅದರಲ್ಲಿ ಪುಣೆ, ಅದಕ್ಕೂ ಮುಂಚಿನ ಪಿಜಿ, ಹಳೆ ಆಫೀಸು, ಎಲ್ಲ ಸಾಲಾಗಿ ಕೂತಿದ್ದವು. ಇದು ಸಾಲದು ಅಂತ ಕೀಬೋರ್ಡ್ ಕೂಡ ಸುಮ್ನೆ ಪದ ಕಲಿತಿರುತ್ತೆ. ಒಂದು ಕಡೆ ಅಳಿಸಿದರೆ ಇನ್ನೊಂದು ಕಡೆಯಿಂದ ಇಣುಕುತ್ತೆ. ಕೀಬೋರ್ಡಿನ ಮೇಲೆ ಬರುವ ಪದವನ್ನು ಒತ್ತಿ ಹಿಡಿದು ಕಸದ ಡಬ್ಬಿಗೆ ಎಳೆದು ಹಾಕೋದು ತೋರಿಸಿಕೊಟ್ಟೆ. ಚಿಕ್ಕಮ್ಮನಿಗೆ ಅದೇ ಬಹಳ ಇಷ್ಟವಾಯಿತು.

ಮಗನ ಕಾರ್ಡಿನ ಕೊನೆಯ ನಾಲ್ಕು ಅಂಕಿಯೂ ಕಂಡವು. "ಸಿವಿವಿ ಕೇಳುತ್ತೆ, ಇಲ್ಲದಿದ್ರೆ ಒಂದು ಮಿಕ್ಸಿ ತಗೋತಿದ್ದೆ" ಅಂದರು.

ಅವರ ಹೆಸರು ಸೇರಿಸಲು ಹೋದರೆ ಇನ್ನೊಂದು ತಕರಾರು. ಆ ದೇವಸ್ಥಾನದ ಫಾರ್ಮು ಮೊದಲ ಹೆಸರು, ಕೊನೆಯ ಹೆಸರು ಅಂತ ಬೇರೆ ಬೇರೆ ಕೇಳುತ್ತೆ. ನಮ್ಮಲ್ಲಿ ಎಷ್ಟೋ ಜನಕ್ಕೆ ಇರೋದು ಒಂದು ಹೆಸರು, ಜೊತೆಗೆ ಊರಿನದೋ ಅಪ್ಪನದೋ ಇನಿಶಿಯಲ್. ಕೊನೆಯ ಹೆಸರು ಎಲ್ಲಿಂದ ತರೋದು? ಒಂದಕ್ಷರ ಹಾಕಿದರೆ ಆ ಫಾರ್ಮು ಒಪ್ಪಲಿಲ್ಲ. ಗಂಡನ ಹೆಸರು ಹಾಕು ಅಂದರು. ಮಗನ ಹೆಸರು ತೆಗೆದು ಗಂಡನ ಹೆಸರು ಹಾಕೋದಕ್ಕಾ ಇಷ್ಟು ಹೊತ್ತು ಒದ್ದಾಡಿದ್ದು ಅಂತ ನನಗೆ ಸಿಟ್ಟೇ ಬಂತು. ಅವರಿಗೆ ಹಾಗೇನೂ ಅನಿಸಿದಂತಿರಲಿಲ್ಲ.

ಆಮೇಲೆ ನಮ್ಮ ಮನೆಗಳ ಫೋನುಗಳನ್ನು ನೆನೆಸಿಕೊಂಡೆ. ಅತ್ತೆಯದು ಮಾವ ಬಳಸಿ ಬಿಟ್ಟಿದ್ದು. ನನ್ನ ಅಮ್ಮನದು ಅಣ್ಣ ಬಿಟ್ಟಿದ್ದು. ಗಾಜು ಒಡೆದಿದ್ದು, ಬ್ಯಾಟರಿ ಸೊರಗಿದ್ದು, ಎಲ್ಲವೂ ಹೆಂಗಸರ ಕೈಗೇ ಬರುತ್ತೆ. "ನಿಂಗೆ ಫೋನ್ ಮಾಡೋಕೆ, ಯೂಟ್ಯೂಬ್ ನೋಡೋಕೆ ಇಷ್ಟು ಸಾಕಲ್ವಾ" ಅಂತ ಒಂದು ಮಾತು ಬೇರೆ. ಆದರೆ ಈಗ ಗ್ಯಾಸು, ಕರೆಂಟ್ ಬಿಲ್ಲು, ದೇವರ ಸೇವೆ ಎಲ್ಲವೂ ಅದರಲ್ಲೇ ತಾನೇ? ಬಿಲ್ ಕಟ್ಟೋದು ಇವರು, ತುಂಬಿಕೊಳ್ಳೋ ಹೆಸರು ಇನ್ಯಾರದ್ದೋ. ಹಳೇ ಸೀರೆ ಕೊಟ್ಟರೆ ಒಗೆದಾದರೂ ಕೊಡುತ್ತಾರೆ.

ಚಿಕ್ಕಮ್ಮನ ಮಗನಿಗೆ ಫೋನ್ ಮಾಡಿದೆ. "ಅಕೌಂಟ್ ತೆಗೆಯೋಕೆ ಮರ್ತೆ ಅಕ್ಕ, ಅಮ್ಮಂಗೆ ಅದೆಲ್ಲ ಯಾಕೆ ಬೇಕು?" ಅಂದ. ಸ್ಪೀಕರ್ ಆನ್ ಇತ್ತು. ಚಿಕ್ಕಮ್ಮ ಕೇಳಿಸಿಕೊಂಡರು, ಏನೂ ಅನ್ನಲಿಲ್ಲ.

ಅವರದೇ ಜಿಮೇಲ್ ಒಂದು ಮಾಡಿದೆ. ಫೋಟೋಗಳೆಲ್ಲ ಅದಕ್ಕೆ ಬ್ಯಾಕಪ್ ಆದಮೇಲೆ ಮಗನ ಅಕೌಂಟ್ ತೆಗೆದೆ. ಪಾಸ್‌ವರ್ಡನ್ನು ಅವರು ಹಾಲಿನ ಲೆಕ್ಕದ ಪುಸ್ತಕದ ಹಿಂದೆ ಬರೆದಿಟ್ಟರು. ಬೇಡ ಅಂದರೂ ಕೇಳಲಿಲ್ಲ. ಹೊರಡುವಾಗ, ಮುಂದಿನ ತಿಂಗಳು ಚೀಟಿ ದುಡ್ಡು ಬರುತ್ತೆ, ಒಳ್ಳೆ ಫೋನ್ ಎಷ್ಟಾಗುತ್ತೆ ಅಂತ ಕೇಳಿದರು.